ಕಾರ್ಪೆಟ್ ತೊಳೆಯುವ ವಾಹನದ ಬ್ಲೋವರ್: ಗೇಜಿನ ಮುಳ್ಳು 7 ಇಂಚಿನ ಮೇಲೆ ಏರುತ್ತಿಲ್ಲ

ಕಾಳಿಸೇತುವೆ (ಕಾರವಾರ)

ಟೆಂಪೋದ ಮೇಲೆ ಕೂರಿಸಿದ ಕಾರ್ಪೆಟ್ ತೊಳೆಯುವ ಯಂತ್ರದಲ್ಲಿ ಕೊಳಕು ನೀರನ್ನು ಹೀರಲು ಗಾಳಿ ಎಳೆಯುವ ವ್ಯಾಕ್ಯೂಮ್ ಬ್ಲೋವರ್ ಕೈಕೊಟ್ಟಿದೆ. ಕಾರ್ಪೆಟ್ಟಿನ ಮೇಲೆ ಆಡಿಸುವ ಕೊಳವೆಯ (ವಾಂಡಿನ) ಬಾಯಿ ಮುಚ್ಚಿದರೆ ಎಳೆತ ತೋರಿಸುವ ಗೇಜಿನ ಮುಳ್ಳು 12 ಇಂಚು ಪಾದರಸಕ್ಕೆ ಹೋಗಿ ನಿಲ್ಲುತ್ತಿದ್ದ ಯಂತ್ರ ಇದು. ಈಗ 7ರ ಆಚೆ ಅಲುಗುವುದಿಲ್ಲ. ಬಿಟ್ಟ ನೀರಿನಲ್ಲಿ ಅರ್ಧ ಕಾರ್ಪೆಟ್ಟಿನಲ್ಲೇ ಉಳಿಯುತ್ತದೆ, ಈ ಹವೆಯಲ್ಲಿ ಅದು ಒಣಗುವುದೂ ಇಲ್ಲ, ಮರುದಿನ ಬೆಳಿಗ್ಗೆ ಕೋಣೆಯೆಲ್ಲ ವಾಸನೆಯೆಂದು ಹೋಟೆಲಿನವರ ಫೋನು ಬರುತ್ತದೆ. ಫಿಲ್ಟರ್ ತೊಳೆದಾಯಿತು, ಹೋಸ್ ಪೈಪು ಬದಲಿಸಿಯಾಯಿತು, ಎಂಜಿನ್ನಿನ ಆರ್‌ಪಿಎಂ ಸರಿಯಾಗಿಯೇ ಇದೆ. ಗೋಕರ್ಣದ ದೊಡ್ಡದೊಂದು ಕೆಲಸ ಒಪ್ಪಿಕೊಂಡು ಕುಳಿತಿದ್ದೇನೆ. ‘ಬ್ಲೋವರನ್ನೇ ಬದಲಿಸಿ’ ಎಂಬ ಸಲಹೆ ದಯವಿಟ್ಟು ಬೇಡ. ಅದರ ಬೆಲೆ ನನಗೂ ಗೊತ್ತಿದೆ.

ದೇವಿಮನೆ (ಶಿರಸಿ)

ಇದು ಎಳೆತ ಮಿತಿ ಮೀರದಂತೆ ಕಾಯುವ ರಿಲೀಫ್ ವಾಲ್ವಿನ ದೋಷವೆಂಬುದರಲ್ಲಿ ನನಗೆ ಸಂಶಯವಿಲ್ಲ. ಸ್ಪ್ರಿಂಗ್ ಸೋತರೆ 12ಕ್ಕೆ ತೆರೆಯಬೇಕಾದ ವಾಲ್ವು 7ಕ್ಕೇ ತೆರೆದುಕೊಂಡು ಹೊರಗಿನ ಗಾಳಿಯನ್ನು ಒಳಕ್ಕೆ ಬಿಡುತ್ತದೆ, ಆಮೇಲೆ ಎಂಜಿನ್ ಎಷ್ಟು ಓಡಿದರೂ ಮುಳ್ಳು ಅಲ್ಲಿಯೇ ನಿಲ್ಲುತ್ತದೆ. ಹೊಸ ಸ್ಪ್ರಿಂಗ್ ಹಾಕಿ, ಲಾಕ್ ನಟ್ಟನ್ನು ಸ್ವಲ್ಪ ಬಿಗಿ ಮಾಡಿ, ಸಂಜೆಯೊಳಗೆ ಕೆಲಸಕ್ಕೆ ಹೊರಡಬಹುದು.

ಸಿಗಡಿಕೆರೆ (ಕುಮಟಾ)

ಸ್ಪ್ರಿಂಗಿಗೆ ಹೋಗುವ ಮುಂಚೆ ಕೊಳಕು ನೀರಿನ ಟ್ಯಾಂಕಿನ ಮುಚ್ಚಳದ ಗ್ಯಾಸ್ಕೆಟ್ಟನ್ನೂ, ನೀರು ಬಿಡುವ ಡಂಪ್ ವಾಲ್ವನ್ನೂ ನೋಡಿ. ಅಘನಾಶಿನಿಯ ದಡದ ನಮ್ಮ ಸಿಗಡಿ ಕೆರೆಗಳಲ್ಲಿ ಇದೇ ಜಾತಿಯ, ಒಳಗೆ ಎರಡು ರೋಟರು ತಿರುಗುವ ಟ್ವಿನ್ ಲೋಬ್ ಬ್ಲೋವರುಗಳು ಹಗಲು ರಾತ್ರಿ ನೀರಿಗೆ ಗಾಳಿ ಊದುತ್ತವೆ, ಉಪ್ಪು ಗಾಳಿಯಲ್ಲೇ ನಿಂತಿರುತ್ತವೆ, ಆದರೂ ಇಂದಿನವರೆಗೆ ಒಂದು ರೋಟರನ್ನೂ ಬಿಚ್ಚಿದವನಲ್ಲ ನಾನು.

ದೇವಿಮನೆ (ಶಿರಸಿ)

ಊದುವುದು ಬೇರೆ, ಎಳೆಯುವುದು ಬೇರೆ, ಮಾರಾಯರೇ. ನಿಮ್ಮ ಬ್ಲೋವರಿಗೆ ಬರುವುದು ಫಿಲ್ಟರ್ ದಾಟಿದ ಒಣ ಗಾಳಿ, ಅವರದ್ದಕ್ಕೆ ಬರುವುದು ಸೋಪಿನ ನೀರಿನ ಆವಿ. ನನ್ನ ಯಂತ್ರ ಶಿರಸಿಯ ಎತ್ತರದಲ್ಲೂ 12 ತೋರಿಸುತ್ತದೆ. ಸಮುದ್ರದ ಮಟ್ಟದ ಕಾರವಾರದಲ್ಲಿ ಅದು 14 ತೋರಿಸಬೇಕು. ಸ್ಪ್ರಿಂಗ್ ಬದಲಿಸಿ ಎಂದು ಮತ್ತೊಮ್ಮೆ ಹೇಳುತ್ತೇನೆ.

ನಿವೃತ್ತ ಫಿಟ್ಟರ್ (ದಾಂಡೇಲಿ)

ಎತ್ತರದ ಲೆಕ್ಕ ಇಲ್ಲಿ ಸಲ್ಲುವುದಿಲ್ಲ. ಶಿರಸಿಯಲ್ಲಿ ವಾತಾವರಣದ ಒತ್ತಡ ಕರಾವಳಿಗಿಂತ ಸುಮಾರು 2 ಇಂಚು ಪಾದರಸದಷ್ಟು ಕಡಿಮೆಯಿರುವುದು ನಿಜ; ಆದರೆ ರಿಲೀಫ್ ವಾಲ್ವಿನ ಸ್ಪ್ರಿಂಗ್ ತೆರೆದುಕೊಳ್ಳುವುದು ಹೊರಗಿನ ಮತ್ತು ಒಳಗಿನ ಒತ್ತಡಗಳ ವ್ಯತ್ಯಾಸಕ್ಕೆ, ಗೇಜು ತೋರಿಸುವುದೂ ಅದೇ ವ್ಯತ್ಯಾಸವನ್ನು. ಆದ್ದರಿಂದ 12ಕ್ಕೆ ಹೊಂದಿಸಿದ ವಾಲ್ವು ಘಟ್ಟದ ಮೇಲೂ ಕೆಳಗೂ 12ಕ್ಕೇ ತೆರೆಯುತ್ತದೆ.

ಕಾರವಾರದವರು ಹೇಳದೆ ಬಿಟ್ಟದ್ದು ಬಹಳವಿದೆ. ಬ್ಲೋವರಿನ ಮೈ ಎಷ್ಟು ಬಿಸಿಯಾಗುತ್ತದೆ, ಸದ್ದು ಹೇಗಿದೆ, ಬೆಲ್ಟುಗಳ ಸ್ಥಿತಿಯೇನು, ಗಿಯರ್ ಬದಿಯ ಎಣ್ಣೆಯ ಬಣ್ಣ ಯಾವುದು, ಕೊನೆಯ ಬಾರಿ ಸರಿಯಾಗಿ ಓಡಿದ ದಿನ ಯಾವ ಕೆಲಸ ಮಾಡಿತ್ತು?

ಅಷ್ಟರಲ್ಲಿ ಒಂದು ಪರೀಕ್ಷೆ ಮಾಡಿ. ರಿಲೀಫ್ ವಾಲ್ವು ಟ್ಯಾಂಕಿಗೂ ಬ್ಲೋವರಿಗೂ ನಡುವಿನ ಪೈಪಿನಲ್ಲಿದ್ದರೆ ಮಾತ್ರ, ಪೈಪನ್ನು ಟ್ಯಾಂಕಿನ ಕಡೆಯಿಂದ ಬಿಚ್ಚಿ ರಬ್ಬರ್ ಹಾಳೆಯಿಂದ ಮುಚ್ಚಿ, ಕೆಲವೇ ಸೆಕೆಂಡು ಓಡಿಸಿ ಗೇಜು ನೋಡಿ. ವಾಲ್ವು ಟ್ಯಾಂಕಿನ ಮೇಲಿದ್ದರೆ ಖಂಡಿತ ಹೀಗೆ ಮಾಡಬೇಡಿ. ಆಗ ಬ್ಲೋವರಿಗೆ ಉಸಿರಾಡಲು ದಾರಿಯೇ ಇರುವುದಿಲ್ಲ, ಒಳಗಿನ ರೋಟರುಗಳು ಹೊರಗಿನ ಎರಕದ ಮೈಗಿಂತ ಬೇಗ ಕಾದು ಹಿಗ್ಗಿ ಒಂದಕ್ಕೊಂದು ತಾಗುತ್ತವೆ. ಓಡುತ್ತಿರುವಾಗ ವಾಲ್ವಿನ ಬಾಯಿಯ ಹತ್ತಿರ ತೆಳ್ಳಗಿನ ಕಾಗದದ ಪಟ್ಟಿಯೊಂದನ್ನು ಹಿಡಿಯಿರಿ. ಕಾಗದ ಒಳಕ್ಕೆ ಎಳೆದುಕೊಂಡರೆ ಶಿರಸಿಯವರು ಗೆದ್ದರು.

ಕಾಳಿಸೇತುವೆ (ಕಾರವಾರ)

ಹೊಸ ಸ್ಪ್ರಿಂಗ್ ನಿನ್ನೆಯೇ ಹಾಕಿದ್ದೆ. ಯಾವ ವ್ಯತ್ಯಾಸವೂ ಕಾಣಲಿಲ್ಲ. ವಾಲ್ವು ಪೈಪಿನಲ್ಲೇ ಇರುವುದರಿಂದ ಇಂದು ನೀವು ಹೇಳಿದಂತೆ ಟ್ಯಾಂಕಿನ ಕಡೆ ಮುಚ್ಚಿ ನೋಡಿದೆ. ಮುಳ್ಳು ಆಗಲೂ 7ಕ್ಕೇ ನಿಂತಿತು, ಕಾಗದದ ಪಟ್ಟಿ ಅಲುಗಲಿಲ್ಲ.

ಬ್ಲೋವರಿನ ಮೈ ಮುಟ್ಟಲಾಗದಷ್ಟು ಕಾಯುತ್ತದೆ. ಶುರು ಮಾಡುವಾಗ ಬೆಲ್ಟು ಕಿರುಚುತ್ತದೆ. ಮಳೆಯಲ್ಲಿ ಎಲ್ಲ ಬೆಲ್ಟುಗಳೂ ಕಿರುಚುವುದರಿಂದ ಅದನ್ನು ಬರೆಯುವ ಅಗತ್ಯ ಕಾಣಲಿಲ್ಲ. ಗಾರ್ಡ್ ಬಿಚ್ಚಿದರೆ ಕೆಳಗಿನ ತಗಡಿನ ಮೇಲೆ ಕಾಡಿಗೆಯಂಥ ಕಪ್ಪು ಪುಡಿ ಬಿದ್ದಿದೆ. ಕೊನೆಯ ಕೆಲಸ ಮಳೆ ಹಿಡಿಯುವ ಮುಂಚಿನ ಒಂದು ಮದುವೆ ಮಂಟಪದ ಕಾರ್ಪೆಟ್ಟು. ಹಿಂದೆ ಯಾರೋ ಶಾಂಪೂ ಹಾಕಿ ಸರಿಯಾಗಿ ತೊಳೆಯದೆ ಬಿಟ್ಟಿದ್ದರು, ಟ್ಯಾಂಕಿನ ತುಂಬ ನೊರೆ ಎದ್ದಿತು, ಕೊನೆಗೆ ಬ್ಲೋವರಿನ ಗಾಳಿ ಹೊರಬೀಳುವ ಸೈಲೆನ್ಸರಿನಿಂದಲೂ ಬಿಳಿ ನೊರೆ ಬಂತು. ಟ್ಯಾಂಕು ತುಂಬಿದರೆ ಎಂಜಿನ್ನನ್ನು ನಿಲ್ಲಿಸಬೇಕಾದ ಫ್ಲೋಟ್ ಸ್ವಿಚ್ ಅದನ್ನು ನಿಲ್ಲಿಸಲಿಲ್ಲ. ಆಮೇಲೆ ವಾಹನ ಕೋಡಿಬಾಗದ ಶೆಡ್ಡಿನಲ್ಲಿ ನಿಂತೇ ಇತ್ತು.

ನಿವೃತ್ತ ಫಿಟ್ಟರ್ (ದಾಂಡೇಲಿ)

ಈ ಕೊನೆಯ ನಾಲ್ಕು ವಾಕ್ಯಗಳು ಮೊದಲ ಪತ್ರದಲ್ಲೇ ಇದ್ದಿದ್ದರೆ ಒಂದು ಸ್ಪ್ರಿಂಗಿನ ದುಡ್ಡು ಉಳಿಯುತ್ತಿತ್ತು.

ಫ್ಲೋಟ್ ಏಳುವುದು ನೀರಿನ ಮೇಲೆ. ನೊರೆ ಅದನ್ನು ಎತ್ತುವುದಿಲ್ಲ. ನೊರೆ ಸದ್ದಿಲ್ಲದೆ ಫಿಲ್ಟರನ್ನು ದಾಟಿ ಬ್ಲೋವರಿಗೆ ಇಳಿಯುತ್ತದೆ. ಅಮೆರಿಕದ ಇಂಡಿಯಾನಾದ ಕಾನರ್ಸ್‌ವಿಲ್ಲಿನಲ್ಲಿ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ಇದರ ಮೂಲ. ಎರಡು ರೋಟರುಗಳು ಒಂದನ್ನೊಂದು ಮುಟ್ಟದೆ, ಟೈಮಿಂಗ್ ಗಿಯರುಗಳ ಹಿಡಿತದಲ್ಲಿ ತಿರುಗಬೇಕು. ನಡುವಿನ ಸಂದು ಇಂಚಿನ ಸಾವಿರದ ಕೆಲವೇ ಭಾಗಗಳಷ್ಟು. ಆ ಸಂದಿನಲ್ಲಿ ಸೋಪಿನ ನೀರು ಒಣಗಿ, ಕಾರವಾರದ ಉಪ್ಪು ಗಾಳಿಗೆ ಎರಕದ ಕಬ್ಬಿಣ ತುಕ್ಕು ಹಿಡಿದು, ಎರಡೂ ಸೇರಿ ಹಕ್ಕಳೆ ಕಟ್ಟಿದೆ ಎಂದು ನನ್ನ ಊಹೆ. ರೋಟರು ಉಜ್ಜುತ್ತಾ ತಿರುಗುತ್ತಿದೆ, ಆ ಭಾರಕ್ಕೆ ಬೆಲ್ಟು ಜಾರುತ್ತಿದೆ, ಎಂಜಿನ್ ಪೂರ್ತಿ ವೇಗದಲ್ಲಿದ್ದರೂ ಬ್ಲೋವರು ಅರ್ಧ ವೇಗದಲ್ಲಿದೆ. ನೀವು ಓದಿದ್ದು ಎಂಜಿನ್ನಿನ ಆರ್‌ಪಿಎಂ, ಬ್ಲೋವರಿನದ್ದಲ್ಲ. ವೇಗ ಇಳಿದರೆ ಸಂದಿನಲ್ಲಿ ಹಿಂದಕ್ಕೆ ಸೋರುವ ಗಾಳಿಯ ಪಾಲು ಹೆಚ್ಚುತ್ತದೆ, ಶಾಖವೂ ಹೆಚ್ಚುತ್ತದೆ.

ಬೆಲ್ಟುಗಳನ್ನು ತೆಗೆದು ಬ್ಲೋವರಿನ ಪುಲ್ಲಿಯನ್ನು ಕೈಯಲ್ಲಿ ನಿಧಾನ ತಿರುಗಿಸಿ. ಪೂರ್ತಿ ಸುತ್ತು ಒಂದೇ ಸಮ ತಿರುಗಬೇಕು. ಎಲ್ಲಾದರೂ ಹಿಡಿದರೆ ಎಂಜಿನ್ನಿನ ಬಲದಿಂದ ಬಿಡಿಸಲು ಹೋಗಬೇಡಿ, ಗಿಯರಿನ ಹಲ್ಲು ಮುರಿಯುತ್ತದೆ. ಸೈಲೆನ್ಸರನ್ನೂ ಒಳಬರುವ ಪೈಪನ್ನೂ ಬಿಚ್ಚಿ, ಬೆಚ್ಚಗಿನ ನೀರು ಹೊಯ್ಯುತ್ತಾ ಪುಲ್ಲಿಯನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಿ ಸೋಪನ್ನು ಕರಗಿಸಿ. ನೀರು ಪೂರ್ತಿ ಬಸಿದ ಮೇಲೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಪೆಟ್ರೋಲು, ಸೀಮೆಎಣ್ಣೆಗಳನ್ನು ಹತ್ತಿರ ತರಬೇಡಿ.

ಸಿಗಡಿಕೆರೆ (ಕುಮಟಾ)

ಹಾಗೆಯೇ ಗಿಯರ್ ಬದಿಯ ಎಣ್ಣೆಯನ್ನೂ ಬದಲಿಸಿಬಿಡಿ. ನಾನು ಎಂಜಿನ್ ಆಯಿಲನ್ನೇ ಹಾಕುತ್ತೇನೆ, ಏನೂ ಆಗಿಲ್ಲ.

ದೇವಿಮನೆ (ಶಿರಸಿ)

ಏನೂ ಆಗಿಲ್ಲವೆಂಬುದು ಪ್ರಮಾಣವಾಗುವುದಿಲ್ಲ. ಇಂಥ ಬ್ಲೋವರಿಗೆ ಸಾಮಾನ್ಯವಾಗಿ ಹೇಳುವುದು ಐಎಸ್‌ಒ ವಿಜಿ 220 ಎಂಬ ದಪ್ಪದ ದರ್ಜೆಯ ಎಣ್ಣೆ. ಅದನ್ನೂ ಯಂತ್ರ ನಿಂತಿರುವಾಗ ಎಣ್ಣೆಯ ಮಟ್ಟ ತೋರಿಸುವ ಕಣ್ಣುಗಾಜಿನ ಮಧ್ಯದವರೆಗೆ ಮಾತ್ರ ಹಾಕಬೇಕು. ‘ಇರಲಿ’ ಎಂದು ಹೆಚ್ಚು ಹೊಯ್ದರೆ ಗಿಯರುಗಳು ಅದನ್ನು ಕಡೆದು ಇನ್ನಷ್ಟು ಕಾಯಿಸುತ್ತವೆ. ಕೆರೆಯ ಬ್ಲೋವರಿನ ಪುರಾಣ ಇಲ್ಲಿಗೆ ಸಾಕು.

ಸಿಗಡಿಕೆರೆ (ಕುಮಟಾ)

ಸ್ಪ್ರಿಂಗಿನ ಪುರಾಣವನ್ನೂ ನಾವು ಸಾಕಷ್ಟು ಕೇಳಿದ್ದೇವೆ.

ಕಾಳಿಸೇತುವೆ (ಕಾರವಾರ)

ಫಿಟ್ಟರ್ ಅಣ್ಣನವರ ಮಾತು ನಿಜವಾಯಿತು. ಬೆಲ್ಟು ತೆಗೆದ ಮೇಲೆ ಪುಲ್ಲಿ ಸುತ್ತಿನ ಎರಡು ಕಡೆ ಹಿಡಿಯುತ್ತಿತ್ತು. ಟಾರ್ಚು ಬಿಟ್ಟು ನೋಡಿದರೆ ರೋಟರಿನ ತುದಿಯಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ, ಅದರ ಅಂಚಿಗೆ ಕೆಂಪು ತುಕ್ಕು. ನೀರಿಗೆ ಬಿಳಿಯದು ಕರಗಿತು, ಕೆಂಪಿನದ್ದು ಎಣ್ಣೆಗೆ ಎರಡು ರಾತ್ರಿ ಹಿಡಿಯಿತು. ಈಗ ಪುಲ್ಲಿ ಬೆರಳಿನಲ್ಲಿ ತಿರುಗುತ್ತದೆ. ಹೊಳಪು ಬಂದಿದ್ದ ಹಳೆಯ ಬೆಲ್ಟುಗಳನ್ನು ಎಸೆದು ಜೋಡಿಯಾಗಿ ಹೊಸದು ಹಾಕಿದೆ, ಪುಲ್ಲಿಗಳು ಒಂದೇ ಗೆರೆಯಲ್ಲಿವೆಯೇ ಎಂದು ಉದ್ದ ಪಟ್ಟಿಯಿಟ್ಟು ನೋಡಿದೆ. ಗೇಜು 11 ದಾಟುತ್ತಿದೆ.

ಆದರೆ ಗಿಯರ್ ಬದಿಯ ಪ್ಲಗ್ ಬಿಚ್ಚಿದರೆ ಬಂದ ಎಣ್ಣೆ ಹಾಲು ಬೆರೆಸಿದಂತಿತ್ತು. ಇದರ ಅರ್ಥವೇನು?

ನಿವೃತ್ತ ಫಿಟ್ಟರ್ (ದಾಂಡೇಲಿ)

ನೀರು ಶಾಫ್ಟಿನ ಸೀಲನ್ನು ದಾಟಿ ಗಿಯರಿನವರೆಗೆ ಹೋಗಿದೆ. ಹೊಸ ಎಣ್ಣೆ ಹಾಕಿ ಸ್ವಲ್ಪ ಓಡಿಸಿ ಬಿಸಿಯಿರುವಾಗಲೇ ಬಸಿಯಿರಿ, ಬಣ್ಣ ತಿಳಿಯಾಗುವವರೆಗೆ ಹೀಗೆಯೇ ಮಾಡಿ. ಮುಂದಿನ ಕೆಲಸದ ನಂತರ ಮತ್ತೆ ಬೆಳ್ಳಗಾದರೆ ಸೀಲು ಬದಲಿಸದೆ ಉಪಾಯವಿಲ್ಲ. ಹಳೆಯ ಸೀಲಿನ ಮುಖದ ಮೇಲೆ ಅಳತೆ ಅಚ್ಚಾಗಿರುತ್ತದೆ, ಅದನ್ನೇ ಹಿಡಿದುಕೊಂಡು ಹುಬ್ಬಳ್ಳಿಯ ಅಥವಾ ಮಡಗಾಂವಿನ ಬೇರಿಂಗ್ ಅಂಗಡಿಗೆ ಹೋಗಿ. ಶಾಫ್ಟಿನಲ್ಲಿ ಸೀಲು ಕೂರುವ ಜಾಗಕ್ಕೆ ಉಗುರು ಎಳೆದು ನೋಡಿ. ಗೆರೆ ಸಿಕ್ಕರೆ ಹೊಸ ಸೀಲೂ ನಿಲ್ಲುವುದಿಲ್ಲ, ಶಾಫ್ಟಿನ ಆ ಜಾಗಕ್ಕೆ ತೆಳು ಕೊಳವೆಯಂಥ ತೋಳು (ಸ್ಲೀವ್) ಹಾಕಿಸಬೇಕು. ಬೆಲ್ಟಿನ ಬದಿಯ ಬೇರಿಂಗಿಗೆ ಗ್ರೀಸ್ ತುಂಬಿ ಹಳೆಯದನ್ನು ಹೊರಹಾಕುವುದನ್ನೂ ಈಗಲೇ ಮುಗಿಸಿ.

ಇನ್ನು ಮುಂದೆ ದಿನದ ಕೆಲಸ ಮುಗಿದ ಮೇಲೆ ಹೋಸನ್ನು ತೆಗೆದು, ಟ್ಯಾಂಕು ಖಾಲಿ ಮಾಡಿ, ಬ್ಲೋವರನ್ನು ಭಾರವಿಲ್ಲದೆ ಐದು ನಿಮಿಷ ಓಡಿಸಿ ಒಳಗಿನ ತೇವವನ್ನು ಹಾರಿಸಿ. ಆಮೇಲೆ ಓಡುತ್ತಿರುವಾಗಲೇ ಎಣ್ಣೆ ಬಿಡುವ ರಂಧ್ರದಿಂದ (ಲ್ಯೂಬ್ ಪೋರ್ಟ್) ಎಣ್ಣೆ ಸಿಂಪಡಿಸಿ ನಿಲ್ಲಿಸಿ. ನೊರೆ ಎದ್ದ ಕೂಡಲೇ ನೊರೆ ಇಳಿಸುವ ದ್ರವವನ್ನು ಹೋಸಿನಿಂದ ಎಳೆಸಿ.

ದೇವಿಮನೆ (ಶಿರಸಿ)

ಸಿಂಪಡಿಸಲು ಡಬ್ಲ್ಯುಡಿ-40 ಸಾಕೇ? ಅದು ನೀರನ್ನು ತಳ್ಳುತ್ತದೆ ನಿಜ, ಆದರೆ ಉಳಿಯುವ ಪದರ ಬಹಳ ತೆಳು. ಆಷಾಢದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಅದರ ಮೇಲೆ ತೆಳು ಯಂತ್ರದ ಎಣ್ಣೆಯನ್ನೂ ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ವಾರಕ್ಕೊಮ್ಮೆ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿಡಿ. ಹೊಸ ಸ್ಪ್ರಿಂಗನ್ನು ತೆಗೆಯಬೇಡಿ. ಆದರೆ ನಟ್ಟು ಬಿಗಿ ಮಾಡಿದ್ದರೆ ಮತ್ತೆ 12ಕ್ಕೆ ಹೊಂದಿಸಿ.

ಕಾಳಿಸೇತುವೆ (ಕಾರವಾರ)

ನಟ್ಟನ್ನು ಎರಡು ಸುತ್ತು ಬಿಗಿ ಮಾಡಿದ್ದೆ. ಅದನ್ನು ಹೊಂದಿಸುವಾಗ ಎಂಜಿನ್ನನ್ನು ಕೆಲಸದ ವೇಗದಲ್ಲೇ ಇಡಬೇಕೋ, ಐಡಲಿನಲ್ಲಿ ಸಾಕೋ?

ನಿವೃತ್ತ ಫಿಟ್ಟರ್ (ದಾಂಡೇಲಿ)

ಕೆಲಸದ ವೇಗದಲ್ಲಿ. ಐಡಲಿನಲ್ಲಿ ಬ್ಲೋವರಿಗೆ ಭಾರ ಕೊಡಲೇಬೇಡಿ.