ಅಜ್ಜನ ಕಬ್ಬಿನ ಬಿಲ್ಲು, ಮೊಮ್ಮಗಳ ಗಣಿತ

ದೊಡ್ಡ ಮಕ್ಕಳಿಗೆ ದಿನಬಳಕೆಯ ಗಣಿತ ಕಲಿಸೋಕೆ ಏನಾದರೂ ಒಳ್ಳೇದು ಸಿಗುತ್ತಾ ಅಂತ ನಮ್ಮ ಈ ಗುಂಪಿನಲ್ಲಿ ಅಕ್ಕ ಒಬ್ಬರು ಕೇಳಿದ್ದರು. ಮೂರ್ನಾಲ್ಕು ಜನ ಆಪ್‌ಗಳ ಹೆಸರು ಕೊಟ್ಟಿದ್ದೀರಿ. ನನ್ನ ಉತ್ತರ ಸ್ವಲ್ಪ ಉದ್ದ ಇದೆ. ಅದು ಊರಲ್ಲಿ ಸಕ್ಕರೆ ಕಾರ್ಖಾನೆಯವರು ನಮ್ಮಪ್ಪನಿಗೆ ಕೊಟ್ಟ ಒಂದು ಮಡಚಿದ ಬಿಲ್ಲಿನಿಂದ ಶುರುವಾಗುತ್ತೆ.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ತವರು ಜಮಖಂಡಿ ಹತ್ತಿರದ ಹಳ್ಳಿ. ಮಗಳಿಗೆ ಹದಿನಾರು, ಈಗಷ್ಟೇ ಜಿಸಿಎಸ್‌ಇ (ಇಲ್ಲಿ ಹದಿನಾರರ ಹೊತ್ತಿಗೆ ಬರೆಯುವ ಶಾಲಾ ಪರೀಕ್ಷೆ) ಮುಗಿಸಿದ್ದಾಳೆ. ಮಾರ್ಕ್ಸ್ ಬರುತ್ತೆ, ಮನಸ್ಸು ಬರಲ್ಲ. ಹೋದ ವರ್ಷ 'ನಿಜ ಜೀವನದ ಗಣಿತ' ಅಂತ ಒಂದು ದಪ್ಪ ಪುಸ್ತಕ ತಂದುಕೊಟ್ಟೆ. ಅದರಲ್ಲಿ ಎಲ್ಲರೂ ಪಿಜ್ಜಾ ಕತ್ತರಿಸುತ್ತಾರೆ. ಒಬ್ಬ ತೊಟ್ಟಿಗೆ ಒಂದು ನಳದಿಂದ ನೀರು ತುಂಬುತ್ತಾ, ಇನ್ನೊಂದರಿಂದ ಖಾಲಿ ಮಾಡುತ್ತಾನೆ. "ಅಮ್ಮಾ, ಅವನು ಕೆಳಗಿನ ನಳ ಬಂದ್ ಮಾಡಿದರೆ ಆಯ್ತಲ್ಲ?" ಅಂದಳು. ನಾನು ಚಿಕ್ಕವಳಿದ್ದಾಗ ಇದೇ ಪ್ರಶ್ನೆ ಕೇಳಿ ಮಾಸ್ತರ ಕೈಲಿ ಬೈಸಿಕೊಂಡಿದ್ದೆ. ಹಾಗಾಗಿ ಅವಳನ್ನು ಬೈಯೋ ಧೈರ್ಯ ಬರಲಿಲ್ಲ.

2025ರ ಆಗಸ್ಟ್‌ನಲ್ಲಿ ಊರಿಗೆ ಹೋದಾಗ ನಮ್ಮಪ್ಪ ಕಟ್ಟೆ ಮೇಲೆ ಕೂತು ಹಿಂದಿನ ಹಂಗಾಮಿನ ಕಬ್ಬಿನ ಬಿಲ್ಲು ನೋಡುತ್ತಿದ್ದರು. ತೂಕ, ದರ, ಕಟಾವು, ಸಾಗಾಣಿಕೆ, ಸಾಲದ ಕಡಿತ, ಎಲ್ಲಾ ಕನ್ನಡದಲ್ಲಿ. ಮಗಳಿಗೆ ಓದೋಕೆ ಕಷ್ಟ, ಆದರೆ ಅಂಕಿ ನೋಡಿ ಪಕ್ಕಕ್ಕೆ ಹೋಗಿ ಕೂತಳು. ದರ ಹೆಂಗೆ ಹಾಕ್ತಾರೆ ಅಂತ ಕೇಳಿದಳು.

"ಹತ್ತೂಕಾಲು ರಿಕವರಿಗೆ ಮೂರು ಸಾವಿರದ ನಾಕನೂರು ಅಂತ ಸರ್ಕಾರದ್ದು ಎಫ್‌ಆರ್‌ಪಿ ಐತ್ಯವ್ವ. ರಿಕವರಿ ಮ್ಯಾಲ ಹ್ವಾದ್ರ ಹೆಚ್ಚ, ಕೆಳಗ ಬಂದ್ರ ಕಮ್ಮಿ. ಒಂಬತ್ತೂವರಿಗಿಂತ ಕೆಳಗ ಬಿದ್ರ ಮತ್ತ ಕಮ್ಮಿ ಮಾಡಂಗಿಲ್ಲ" ಅಂದರು ಅಪ್ಪ.

ಕಬ್ಬಿನ ಸೀಮೆಯವರಲ್ಲದವರಿಗೆ ಒಂದು ಮಾತು: ರಿಕವರಿ ಅಂದರೆ ನೂರು ಕಿಲೋ ಕಬ್ಬು ಅರೆದರೆ ಎಷ್ಟು ಕಿಲೋ ಸಕ್ಕರೆ ಬಂತು ಅನ್ನೋ ಲೆಕ್ಕ. 2024-25ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ಶೇ. 10.25 ರಿಕವರಿಗೆ ಟನ್ನಿಗೆ 3,400 ರೂಪಾಯಿ ಇತ್ತು. ಆಮೇಲೆ ಪ್ರತಿ ಶೇ. 0.1ಕ್ಕೆ 33.20 ರೂಪಾಯಿ ಏರಿಳಿತ. ಶೇ. 9.5ಕ್ಕೆ ಬಂದು ನಿಂತರೆ 3,151. ಅಲ್ಲಿಂದ ಕೆಳಗೆ ಇಳಿಯಲ್ಲ.

ಮಗಳು ಫೋನ್ ತೆಗೆದು ಡೆಸ್ಮಾಸ್ ಅನ್ನೋ ಗ್ರಾಫ್ ಆಪ್‌ನಲ್ಲಿ ಗೆರೆ ಎಳೆದಳು. ಅಡ್ಡಕ್ಕೆ ರಿಕವರಿ, ಉದ್ದಕ್ಕೆ ದರ. ಶೇ. 1ಕ್ಕೆ 332 ರೂಪಾಯಿ, ಅದೇ ಗೆರೆಯ ಓಟ (ಸ್ಲೋಪ್). ಶಾಲೆಯಲ್ಲಿ ಎರಡು ವರ್ಷ ವೈ ಈಕ್ವಲ್ಸ್ ಎಂಎಕ್ಸ್ ಪ್ಲಸ್ ಸಿ ಅಂತ ಸರಳರೇಖೆಯ ಸೂತ್ರ ಉರು ಹೊಡೆದಿದ್ದು ಇದೇ. ಆಮೇಲೆ ಸುಮ್ನೆ 3,400ನ್ನು 10.25ರಿಂದ ಭಾಗಿಸಿದಳು. 331.7 ಬಂತು. "ಅಜ್ಜಾ, ಈ ಗೆರೆ ಹೆಚ್ಚುಕಮ್ಮಿ ಸೊನ್ನೆಯಿಂದಲೇ ಹೊರಟಿದೆ. ಅಂದರೆ ನಿಮಗೆ ಕಬ್ಬಿಗೆ ದುಡ್ಡು ಕೊಡ್ತಿಲ್ಲ, ಒಳಗಿನ ಸಕ್ಕರೆಗೆ ಕೊಡ್ತಿದ್ದಾರೆ!"

"ಅದನ್ನ ನಾ ಮೂವತ್ತು ವರ್ಷದಿಂದ ಹೇಳಾಕತ್ತೀನಿ" ಅಂದರು ಅಪ್ಪ.

ಮುಂದಿನ ಪ್ರಶ್ನೆ ಅವಳದ್ದೇ. ಈ ರಿಕವರಿ ಅಳೆಯೋರು ಯಾರು? ಕಾರ್ಖಾನೆಯವರೇ ಅಂತ ಅಪ್ಪ ಹೇಳಿದಾಗ ಹುಬ್ಬು ಏರಿಸಿದಳು. ಸರಿ, ಶೇ. 0.2 ಕಮ್ಮಿ ಬರೆದರೆ ಏನಾಗುತ್ತೆ ಅಂತ ಲೆಕ್ಕ ಹಾಕಿದಳು. ಟನ್ನಿಗೆ 66.40, ಅಜ್ಜನ 42 ಟನ್ನಿಗೆ ಹತ್ತಿರ ಹತ್ತಿರ 2,789 ರೂಪಾಯಿ. ಆಮೇಲೆ ಕಾಟಾದಲ್ಲಿ ತೂಕ ಶೇ. 1 ಕಮ್ಮಿ ಬಿದ್ದರೆ? ಇಷ್ಟರಲ್ಲಿ ಪಕ್ಕದ ಮನೆ ಕಾಕಾನೂ ತಮ್ಮ ಬಿಲ್ಲು ತಂದರು. ಊಟಕ್ಕೆ ಎರಡು ಸಲ ಕರೆದರೂ ಯಾರೂ ಏಳಲಿಲ್ಲ. "ಹುಡುಗಿ ಶಾಣ್ಯಾಕಿ ಅದಾಳ" ಅಂತ ಕಾಕಾ ನನಗೆ ಹೇಳಿದರು, ಏನೋ ಈಗ ಗೊತ್ತಾದವರ ಹಾಗೆ.

ಹುರುಪಿನಲ್ಲಿ ಮರುದಿನ ನಾನೇ ಒಂದು ಪಾಠ ಮಾಡಲು ಹೋದೆ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರಡಿ. ಅಂಥ 40 ಸೇರಿದರೆ ಎಕರೆ. ಹೊಲದ ಸೊಟ್ಟ ಮೂಲೆಯನ್ನು ತ್ರಿಕೋನ ಮಾಡಿ ಅಳೆಯೋಣ ಬಾ ಅಂದೆ. ಟೇಪು ಹಿಡಿದು ಹತ್ತು ನಿಮಿಷ ಬಿಸಿಲಲ್ಲಿ ನಿಂತಳು, ಆಮೇಲೆ ನೀರು ಕುಡಿತೀನಿ ಅಂತ ಹೋದವಳು ಬರಲೇ ಇಲ್ಲ. ಅಜ್ಜನಿಗೆ ಆ ಹೊಲದ ಅಳತೆ ಬಾಯಿಪಾಠ. ಉತ್ತರಕ್ಕೆ ಯಾರೂ ಕಾಯುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಕಬ್ಬಿನ ಬಿಲ್ಲಿಗೂ ಇದಕ್ಕೂ ಇದ್ದ ವ್ಯತ್ಯಾಸ ಇಷ್ಟೇ.

ಮತ್ತೆ ಆ ಎರಡು ನಳದ ಲೆಕ್ಕ. ಆಗಸ್ಟ್ ಅಂದರೆ ನಮ್ಮ ಕಡೆ ಕೃಷ್ಣೆ ತುಂಬಿ ಬರುವ ಹೊತ್ತು. ಪೇಪರಿನಲ್ಲಿ ದಿನಾ ಆಲಮಟ್ಟಿಯ ಒಳಹರಿವು, ಹೊರಹರಿವು ಬರುತ್ತೆ. ಹೊಳೆ ದಂಡೆಯ ಹೊಲದವರು ಮೊದಲು ನೋಡೋದೇ ಅದನ್ನ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾಗಿ ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಒಂದೂವರೆ ಲಕ್ಷ ಕ್ಯೂಸೆಕ್ ಬರುತ್ತಿದ್ದರೆ ದಿನಕ್ಕೆ ಸುಮಾರು 13 ಟಿಎಂಸಿ. ಜಲಾಶಯದ ಸಾಮರ್ಥ್ಯ 123. ಖಾಲಿ ಇದ್ದರೂ ಒಂಬತ್ತೂವರೆ ದಿನದಲ್ಲಿ ಭರ್ತಿ. ಈ ಸಲ ಕೆಳಗಿನ ನಳ ಬಂದ್ ಮಾಡು ಅಂತ ಮಗಳು ಹೇಳಲಿಲ್ಲ. ಗೇಟು ಯಾವಾಗ ತೆಗೀತಾರೆ, ಎಷ್ಟು ತೆಗೀತಾರೆ ಅಂತ ಕೇಳಿದಳು.

ಬಡ್ಡಿ ಲೆಕ್ಕವೂ ಒಂದಿದೆ. ಊರಲ್ಲಿ "ಮೂರು ರೂಪಾಯಿ ಬಡ್ಡಿ" ಅಂದರೆ ನೂರಕ್ಕೆ ತಿಂಗಳಿಗೆ ಮೂರು. ನಮ್ಮ ಮಕ್ಕಳು ಅದನ್ನು ವರ್ಷಕ್ಕೆ ಮೂರು ಅಂದುಕೊಂಡು, ಚೀಪ್ ಅಲ್ವಾ ಅಂತಾರೆ! ವರ್ಷಕ್ಕೆ 36. ಬಡ್ಡಿಗೆ ಬಡ್ಡಿ ಸೇರಿದರೆ 42.6. ಇದನ್ನು ಮಕ್ಕಳೇ ಲೆಕ್ಕ ಹಾಕಲಿ, ನೀವು ಹೇಳಬೇಡಿ.

ಊರಿಗೆ ಹೋಗೋಕೆ ಆಗದವರು ಏನು ಮಾಡಬೇಕು ಅಂತ ಯಾರಾದರೂ ಕೇಳೇ ಕೇಳ್ತೀರಿ. ಇಲ್ಲೇ ಇಂಗ್ಲೆಂಡಿನಲ್ಲಿ ಇರುವವರಿಗೆ ಒಂದು: ಸ್ಟೂಡೆಂಟ್ ಲೋನ್. 2023ರ ಆಗಸ್ಟ್‌ನಿಂದ ಈಚೆಗೆ ಯೂನಿವರ್ಸಿಟಿ ಸೇರಿದವರಿಗೆ ಇರುವ ಪದ್ಧತಿಯಲ್ಲಿ ವರ್ಷದ ಗಳಿಕೆ 25,000 ಪೌಂಡ್ ದಾಟಿದ ಮೇಲಿನ ಮೊತ್ತಕ್ಕೆ ಮಾತ್ರ ಶೇ. 9 ಕಟ್ಟಬೇಕು. 30,000 ಗಳಿಸಿದರೆ ವರ್ಷಕ್ಕೆ 450. ನಲವತ್ತು ವರ್ಷ ಆದ ಮೇಲೆ ಉಳಿದಿದ್ದು ಮನ್ನಾ. ಗೆರೆ ಎಳೆದು ನೋಡಿ, ಕಬ್ಬಿನ ದರದ ಹಾಗೇ ಮೊದಲು ಮಲಗಿ, ಒಂದು ಕಡೆಯಿಂದ ಏಳುತ್ತೆ. ಇನ್ನೆರಡು ವರ್ಷಕ್ಕೆ ಆ ಸಾಲ ಮಗಳ ತಲೆ ಮೇಲೇ ಬರೋದು, ಹಾಗಾಗಿ ಕೂತು ಲೆಕ್ಕ ಹಾಕಿದಳು. ಹದಿನಾರು ದಾಟಿದವರಿಗೆ ಇಲ್ಲಿ ಕೋರ್ ಮ್ಯಾಥ್ಸ್ ಅಂತ ಒಂದು ಕೋರ್ಸ್ ಇದೆ. ತೆರಿಗೆ, ಸಾಲ, ಅಂದಾಜು ಲೆಕ್ಕ ಎಲ್ಲಾ ಬರುತ್ತೆ. ಮಗು ಅದನ್ನು ತಗೊಳ್ಳದಿದ್ದರೂ ಅದರ ಹಳೇ ಪ್ರಶ್ನೆ ಪತ್ರಿಕೆ ಪುಕ್ಕಟೆ ಸಿಗುತ್ತೆ. ಕೇಂಬ್ರಿಡ್ಜ್ ಯೂನಿವರ್ಸಿಟಿಯ ಎನ್‌ರಿಚ್ ಅನ್ನೋ ಗಣಿತದ ವೆಬ್‌ಸೈಟ್ ಕೂಡ ಪುಕ್ಕಟೆ. ಅಲ್ಲಿ ಒಗಟಿನಂಥವು ಜಾಸ್ತಿ, ನನ್ನ ಮಗಳಿಗೆ ಅಷ್ಟು ಹಿಡಿಸಲಿಲ್ಲ. ನಿಮ್ಮ ಮಕ್ಕಳಿಗೆ ಹಿಡಿಸಬಹುದು.

ಅಪ್ಪನ ಬಿಲ್ಲಿನ ಫೋಟೋ ಬೇಕಾದವರು ಹೇಳಿ, ಹೆಸರು, ಖಾತೆ ನಂಬರು ಅಳಿಸಿ ಹಾಕುತ್ತೇನೆ. ವಿಜಯಪುರದ ದ್ರಾಕ್ಷಿ ಮನೆತನದವರು ಈ ಗುಂಪಿನಲ್ಲಿ ಇದ್ದೀರಿ ಅಂತ ಗೊತ್ತು. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಹಸಿ ಮಾರಬೇಕೋ, ಒಣಗಿಸಿ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟು ಕಾಯಬೇಕೋ, ಆ ಲೆಕ್ಕ ನಿಮ್ಮ ಮನೇಲಿ ಹೆಂಗೆ ಮಾಡ್ತಾರೆ? ಒಂದು ವರ್ಷದ ಲೆಕ್ಕದ ಚೀಟಿ ಇದ್ದರೆ ಕಳಿಸಿ. ಮಗಳು ಕೇಳ್ತಿದ್ದಾಳೆ.