ಹೊಟ್ಟೆಪಾಡಿಗೆ ಏನು ಕೆಲಸ ಮಾಡುತ್ತೀರಿ? ಹವ್ಯಾಸಕ್ಕೆ ಸಂಗೀತ ಮಾಡುವವರು ಹೇಳಿ

ಹೊಸ ತಂತಿ:
ಮನೆಯಲ್ಲೇ ಗಿಟಾರ್ ನುಡಿಸಿ, ಹಾಡು ಕಟ್ಟಿ ರೆಕಾರ್ಡ್ ಮಾಡುತ್ತೇನೆ. ಇದರಿಂದ ದುಡ್ಡು ಬರಬೇಕು ಅಂತೇನಿಲ್ಲ. ಈಗ ಎರಡು ಕೆಲಸ ಕೈಯಲ್ಲಿವೆ. ಒಂದು ಬೆಳಿಗ್ಗೆಯಿಂದ ಸಂಜೆವರೆಗಿನ ಆಫೀಸ್ ಕೆಲಸ, ಸಂಬಳ ಕಡಿಮೆ. ಇನ್ನೊಂದು ಪಾಳಿ ಕೆಲಸ, ಸಂಬಳ ಜಾಸ್ತಿ, ರಜೆ ವಾರದ ನಡುವೆ. ಸಂಗೀತಕ್ಕೆ ಯಾವುದು ಹೊಂದುತ್ತದೆ? ನಿಮ್ಮ ಅನುಭವ ಹೇಳಿ.

ರಾತ್ರಿ ಪಾಳಿ:
ನಾನು ನರ್ಸ್. ಪಾಳಿ ಅಂದರೆ ಹಗಲೆಲ್ಲ ಖಾಲಿ ಅಂತ ಜನ ಅಂದುಕೊಳ್ಳುತ್ತಾರೆ. ಖಾಲಿ ಇರುವುದು ಹಗಲು, ನಾವಲ್ಲ. ಇಡೀ ರಾತ್ರಿ ಮಾನಿಟರ್ ಅಲಾರಂ ಕೇಳಿ ಬಂದ ಕಿವಿಗೆ ಬೆಳಿಗ್ಗೆ ಡ್ರಮ್ಸ್‌ನ ಸಿಂಬಲ್ ತಾಳದ ಸದ್ದು ಸೂಜಿ ಚುಚ್ಚಿದ ಹಾಗೆ. ಆಗ ರೆಕಾರ್ಡ್ ಮಾಡಿದ ದನಿಗಳನ್ನು ಹೊಂದಿಸಿ ಮಿಕ್ಸ್ ಮಾಡಿದರೆ ಮೇಲಿನ ಸ್ವರಗಳನ್ನೆಲ್ಲ ಇಳಿಸಿಬಿಡುತ್ತೇವೆ. ನಿದ್ದೆ ಮಾಡಿ ಎದ್ದು ಕೇಳಿದರೆ ಹಾಡು ಕಂಬಳಿ ಹೊದ್ದುಕೊಂಡಿರುತ್ತದೆ.

ಅದಾದರೂ ಸರಿಪಡಿಸಬಹುದು. ಗುಂಪಿನಲ್ಲಿ ಹಾಡುವುದಕ್ಕೆ ಮಾತ್ರ ಎಳ್ಳುನೀರು. ಎಲ್ಲರ ಅಭ್ಯಾಸವೂ ಸಂಜೆಗೇ, ನನ್ನ ಪಾಳಿ ಪಟ್ಟಿ, ಅಂದರೆ ರೋಸ್ಟರ್, ಕೈಗೆ ಬರುವುದು ತಿಂಗಳ ಕೊನೆಗೆ. "ಈ ಸಲ ಬರುತ್ತೀಯಾ?" ಅಂತ ಕೇಳಿ ಕೇಳಿ ಅವರಿಗೆ ಬೇಜಾರು, "ನೋಡೋಣ" ಅಂದು ಅಂದು ನನಗೆ. ಕೊನೆಗೆ ನನ್ನ ಜಾಗಕ್ಕೆ ಬೇರೆಯವರು ಬಂದರು. ಗೊತ್ತಾಗಿದ್ದು ಹೇಗೆ? ಗುಂಪಿನ ಮೆಸೇಜ್‌ನಲ್ಲಿ ಹೊಸಬರಿಗೆ ಸ್ವಾಗತ ಹೇಳಿದ್ದರು, ಅದೇ ಭಾಗಕ್ಕೆ! ಈಗ ಒಬ್ಬಳೇ ಎಲ್ಲ ದನಿಗಳನ್ನೂ ಹಾಡಿ ಜೋಡಿಸುತ್ತೇನೆ.

ಲೇತ್ ಮೇಲಿನ ಕೈ:
ಕಾರ್ಖಾನೆ ಕೆಲಸ. ಬೇಸ್ ಗಿಟಾರ್ ನುಡಿಸುತ್ತೇನೆ. ಕಿವಿಯ ಲೆಕ್ಕ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. 85 ಡೆಸಿಬಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ. ಅಲ್ಲಿಂದ 3 ಡೆಸಿಬಲ್ ಏರಿದ ಹಾಗೆಲ್ಲ ಸಮಯ ಅರ್ಧ. 94ಕ್ಕೆ ಒಂದೇ ಗಂಟೆ. 100ಕ್ಕೆ 15 ನಿಮಿಷ. ಇಡೀ ಪಾಲನ್ನು ಯಂತ್ರ ತಿಂದು ಮುಗಿಸಿದ ಮೇಲೆ ಸಂಜೆ ಡ್ರಮ್ಸ್ ಪಕ್ಕ ನಿಲ್ಲುವುದು ಯಾವ ಖಾತೆಗೆ? ನನ್ನ ಎಡಗಿವಿಯ ಪರೀಕ್ಷೆಯ ಗೆರೆ 4 ಕಿಲೋಹರ್ಟ್ಸ್ ಹತ್ತಿರ ಹಳ್ಳಕ್ಕೆ ಬಿದ್ದಿದೆ, ಅಂದರೆ ಆ ಎತ್ತರದ ಸದ್ದು ಸರಿಯಾಗಿ ಕೇಳಿಸುವುದಿಲ್ಲ. ಒಳಗೆ ಸದಾ ಒಂದು ಸಿಳ್ಳೆ. ಈಗ ಎರಡೂ ಕಡೆ ಪ್ಲಗ್ ಹಾಕುತ್ತೇನೆ. ಕೆಲಸಕ್ಕೆ ಫೋಮಿನದು, ಬ್ಯಾಂಡಿಗೆ ಎಲ್ಲ ಸ್ವರಗಳನ್ನೂ ಒಂದೇ ಸಮ ತಗ್ಗಿಸುವ ಬೇರೆ ಜೊತೆ.

ಇನ್ನು ಬೆರಳು. ಯಂತ್ರ ತಂಪಿಡುವ ದ್ರವ, ಕೂಲಂಟ್‌ನಲ್ಲಿ ನೆನೆದು ತುದಿಯ ಗಟ್ಟಿ ಚರ್ಮ ಮೆತ್ತಗಾಗುತ್ತದೆ. ಒಣಗಿದರೆ ಬಿರುಕು. ದಪ್ಪ ತಂತಿ ಆ ಬಿರುಕಿನಲ್ಲೇ ಬಂದು ಕೂರುತ್ತದೆ. ಆದರೂ ಕೆಲಸ ಬಿಡಲ್ಲ. ಕೈ ತನ್ನ ಪಾಡಿಗೆ ಕೆಲಸ ಮಾಡುವಾಗ ತಲೆ ನನ್ನದೇ. ನನ್ನ ಒಳ್ಳೆಯ ಬೇಸ್ ಸಾಲುಗಳೆಲ್ಲ ಅಲ್ಲೇ ಹುಟ್ಟಿದ್ದು. ಆಫೀಸಿನವರಿಗೆ ಈ ಭಾಗ್ಯ ಇಲ್ಲ.

ಕೋಡ್ ಬರೆಯುವವ:
ಇಲ್ಲಿ ಎಲ್ಲರೂ ಭಾವುಕರಾಗಿದ್ದೀರಿ. ಸಂಬಳ ಜಾಸ್ತಿ ಇರುವುದನ್ನು ಹಿಡಿಯಿರಿ, ಅಷ್ಟೇ. ಮೈಕು, ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ನನ್ನ ಮೊದಲ ಇಂಟರ್‌ಫೇಸ್‌ನಲ್ಲಿ ಬಫರ್, ಅಂದರೆ ಒಂದು ಸಲಕ್ಕೆ ಕೂಡಿಸಿಕೊಳ್ಳುವ ಸದ್ದಿನ ತುಣುಕುಗಳು, 512ಕ್ಕಿಂತ ಕೆಳಗಿಳಿದರೆ ಪಟಪಟ ಸದ್ದು. ಸೆಕೆಂಡಿಗೆ 48 ಸಾವಿರ ತುಣುಕು, ಅಂದರೆ 48 ಕಿಲೋಹರ್ಟ್ಸ್‌ನಲ್ಲಿ ಅದು ಹತ್ತಿರ ಹತ್ತಿರ 11 ಮಿಲಿಸೆಕೆಂಡ್ ತಡ, ಅದೂ ದನಿ ಒಳಗೆ ಬರುವುದಕ್ಕೆ ಮಾತ್ರ, ಹೊರಗೆ ಹೋಗುವುದು ಬೇರೆ. ಹಾಡುವಾಗ ಹೆಡ್‌ಫೋನಲ್ಲಿ ನನ್ನ ದನಿ ನನ್ನ ಹಿಂದೆಯೇ ಓಡಿ ಬರುತ್ತಿತ್ತು. ಹೊಸದು ಕೊಂಡೆ. ಆಮೇಲೆ ಕಂಪ್ಯೂಟರ್ ಸಾಲದು ಅನಿಸಿತು, ಅದನ್ನೂ ಕೊಂಡೆ. ದನಿ ತಿದ್ದುವ ಸಾಫ್ಟ್‌ವೇರ್, ಅಂದರೆ ಹಳೆಯ ಪ್ಲಗಿನ್‌ಗಳು ಹೊಸದರಲ್ಲಿ ಓಡಲಿಲ್ಲ, ಮತ್ತೆ ದುಡ್ಡು. ಆಮೇಲೆ ಕೋಣೆಗೆ ಫೋಮ್, ಸ್ಪೀಕರ್, ಸ್ಟ್ಯಾಂಡ್. ಕಡಿಮೆ ಸಂಬಳದಲ್ಲಿ ಇದೆಲ್ಲ ಆಗುತ್ತಾ?

ಒಂದು ಎಚ್ಚರಿಕೆ. ನೇಮಕಾತಿ ಕರಾರು ಓದಿ. ನೌಕರಿಯಲ್ಲಿರುವಾಗ ನೀವು ಸೃಷ್ಟಿಸಿದ್ದೆಲ್ಲ ಕಂಪನಿಯದ್ದು ಅಂತ ಕೆಲವು ಕಡೆ ಬರೆದಿರುತ್ತಾರೆ. ನನ್ನದರಲ್ಲಿತ್ತು. ಸಂಗೀತವನ್ನು ಹೊರಗಿಡಿ ಅಂತ ಬರೆಸಿಕೊಳ್ಳಲು ಪತ್ರದ ಮೇಲೆ ಪತ್ರ ಬರೆದೆ.

ಹಾರ್ಮೋನಿಯಂ ಟೀಚರ್:
ಎಲ್ಲ ಕೊಂಡಾಯಿತಲ್ಲ, ಹಾಡು ಎಷ್ಟು ಮುಗಿಸಿದಿರಿ?

ನಾನು ಶಾಲೆಯಲ್ಲಿ ಸಂಗೀತ ಕಲಿಸುತ್ತೇನೆ. "ನಿಮ್ಮದೇ ಅದೃಷ್ಟ, ಇಷ್ಟದ್ದೇ ಕೆಲಸ" ಅನ್ನುತ್ತಾರೆ. ಒಂದೇ ಪದ್ಯವನ್ನು ಒಂದಾದ ಮೇಲೆ ಒಂದು ತರಗತಿಗೆ ಹೇಳಿಕೊಟ್ಟು, ಗದ್ದಲದ ಮೇಲೆ ದನಿ ಏರಿಸಿ ಬಂದವರಿಗೆ ಕೇಳಿ. ಸಂಜೆ ಗಂಟಲು ಕಟ್ಟಿರುತ್ತದೆ. ಹಾರ್ಮೋನಿಯಂ ಪೆಟ್ಟಿಗೆ ಕಂಡರೆ ಮುಖ ತಿರುಗಿಸುವ ಹಾಗಾಗುತ್ತದೆ. ಆದರೂ ನನ್ನ ಸ್ವಂತ ರಚನೆಗಳ ಕಡತ ದಪ್ಪವಾಗುತ್ತಿದೆ. ಪ್ಲಗಿನ್ ಒಂದೂ ಇಲ್ಲ.

ಕೋಡ್ ಬರೆಯುವವ:
ನಾನೇನು ನಿಮ್ಮ ಹತ್ತಿರ ಸಾಲ ಕೇಳಿದೆನಾ? ಹಾಡು ಎಣಿಸುವುದು ಶಾಲೆ ಬುದ್ಧಿ. ಎಷ್ಟು ಕಟ್ಟಿದ್ದೀರಿ ಅನ್ನುವುದಕ್ಕಿಂತ ಹೇಗೆ ಕೇಳಿಸುತ್ತದೆ ಅನ್ನುವುದು ಮುಖ್ಯ.

ಲೆಕ್ಕದ ಪುಸ್ತಕ:
ಜಗಳ ಬೇಡ. ಅಮೆರಿಕದ ಚಾರ್ಲ್ಸ್ ಐವ್ಸ್ ವಿಮೆ ವ್ಯವಹಾರ ಮಾಡುತ್ತಲೇ ಸಿಂಫನಿ, ಅಂದರೆ ದೊಡ್ಡ ವಾದ್ಯವೃಂದದ ಕೃತಿಗಳನ್ನು, ಬರೆದವನು. 1947ರಲ್ಲಿ ಪುಲಿಟ್ಜರ್ ಬಹುಮಾನ ಸಿಕ್ಕಿತು. ನಾನೂ ಲೆಕ್ಕಪತ್ರ ನೋಡುವವನು. ಐದು ಗಂಟೆಗೆ ಫೈಲ್ ಮುಚ್ಚಿದೆ ಅಂದರೆ ಮುಚ್ಚಿದೆ. ವರ್ಷದ ಕೊನೆ ಬಿಟ್ಟರೆ ಕೊಳಲು ಕೆಳಗಿಟ್ಟಿದ್ದೇ ಇಲ್ಲ.

ಲೇತ್ ಮೇಲಿನ ಕೈ:
ಐವ್ಸ್ ಕಂಪನಿಯ ಪಾಲುದಾರ ಸ್ವಾಮಿ, ಗುಮಾಸ್ತ ಅಲ್ಲ. ಆ ಬಹುಮಾನ ಬಂದಿದ್ದೂ ಎಷ್ಟೋ ವರ್ಷ ಹಿಂದೆ ಬರೆದ ಕೃತಿಗೆ. ಉದಾಹರಣೆ ಬೇಕಾದರೆ ಅಮೆರಿಕದ ಗಾಯಕ ಬಿಲ್ ವಿದರ್ಸ್ ತಗೊಳ್ಳಿ. ವಿಮಾನದ ಶೌಚಾಲಯದ ಭಾಗ ಮಾಡುವ ಕಾರ್ಖಾನೆಯಲ್ಲಿದ್ದ. 1971ರಲ್ಲಿ ಮೊದಲ ಆಲ್ಬಂ ಬರುವಾಗಲೂ ಕೆಲಸ ಬಿಟ್ಟಿರಲಿಲ್ಲ.

ರಾತ್ರಿ ಪಾಳಿ:
ದೊಡ್ಡವರ ಹೆಸರು ಹೇಳುವುದಾದರೆ ರಷ್ಯಾದ ಸಂಗೀತಕಾರ ಬೊರೊಡಿನ್‌ನನ್ನೂ ಹೇಳಿ. ರಸಾಯನಶಾಸ್ತ್ರದ ಪ್ರೊಫೆಸರ್. 1869ರಲ್ಲಿ ಒಂದು ಒಪೆರಾ (ಹಾಡಿನ ನಾಟಕ) ಶುರು ಮಾಡಿ 1887ರಲ್ಲಿ ತೀರಿಕೊಂಡ, ಒಪೆರಾ ಮುಗಿದಿರಲಿಲ್ಲ. ಬೇರೆಯವರು ಮುಗಿಸಿದರು. ಹೊಸ ತಂತಿಯವರೇ, ರೋಸ್ಟರ್ ಎಷ್ಟು ಮುಂಚೆ ಕೊಡುತ್ತಾರೆ ಅಂತ ಕೇಳಿಕೊಂಡು ಸಹಿ ಹಾಕಿ.

ಹೊಸ ತಂತಿ:
ಕೇಳಿದೆ. ಒಂದು ವಾರ ಮುಂಚೆ ಕೊಡುತ್ತಾರಂತೆ. ಅಂದಹಾಗೆ, ಕೋಡ್ ಬರೆಯುವವರೇ, ಫೋಮ್ ಅಂಟಿಸಿದರೆ ಪಕ್ಕದ ಮನೆಗೆ ಸದ್ದು ಹೋಗುವುದಿಲ್ಲವಾ? ಪಾಳಿ ಆದರೆ ನಡುರಾತ್ರಿ ನುಡಿಸಬೇಕಾಗುತ್ತದೆ.

ಕೋಡ್ ಬರೆಯುವವ:
ತುಂಬಾ ಕಡಿಮೆಯಾಗುತ್ತದೆ. ನಾಲ್ಕೂ ಗೋಡೆಗೆ ಹಾಕಿ.

ಲೇತ್ ಮೇಲಿನ ಕೈ:
ಸುಳ್ಳು. ಫೋಮ್ ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತದೆ, ಅದೂ ಹೆಚ್ಚಾಗಿ ಮೇಲಿನ ಸ್ವರಗಳದ್ದು. ಹೊರಗೆ ಹೋಗುವ ಸದ್ದು ತಡೆಯಲು ಭಾರ ಬೇಕು, ಸಂದು ಮುಚ್ಚಬೇಕು. ಬೇಸ್ ಅಂತೂ ಫೋಮ್ ದಾಟಿ ಆರಾಮಾಗಿ ಹೋಗುತ್ತದೆ.

ಕೋಡ್ ಬರೆಯುವವ:
ನನ್ನ ಪಕ್ಕದ ಮನೆಯವರು ಇವತ್ತಿನವರೆಗೂ ದೂರು ಕೊಟ್ಟಿಲ್ಲ.

ಹಾರ್ಮೋನಿಯಂ ಟೀಚರ್:
ನುಡಿಸಿದ್ದರೆ ತಾನೇ ದೂರು!