ಖಾಲಿ ಗೂಡಿನಲ್ಲಿ ಒಂದೂವರೆ ವರ್ಷ ಏನು ಬದುಕಿರುತ್ತೆ?

ಹೇಂಟೆಮನೆ:
ಹನ್ನೊಂದು ಹೇಂಟೆ, ಒಂದು ಹುಂಜ ಸಾಕಿದ್ದೇನೆ. ಮರದ ಗೂಡು ಹಳೆಯದು, ಇನ್ನೊಬ್ಬರು ಬಳಸಿ ಬಿಟ್ಟದ್ದು. ನನ್ನ ಕೈಗೆ ಬರುವ ಮೊದಲು ಒಂದೂವರೆ ವರ್ಷ ಖಾಲಿ ಬಿದ್ದಿತ್ತು. ಹಾಗಾಗಿ ಹುಳುಹುಪ್ಪಟೆಯ ಬಗ್ಗೆ ಯೋಚನೆಯನ್ನೇ ಮಾಡಲಿಲ್ಲ.

ಈಗ ಮೂರು ವಾರದಿಂದ ಮೊಟ್ಟೆ ಅರ್ಧಕ್ಕರ್ಧ ಕಡಿಮೆಯಾಗಿದೆ. ಜುಟ್ಟುಗಳು ಬಿಳಿಚಿಕೊಂಡಿವೆ. ಸಂಜೆಯಾದರೆ ಕೋಳಿಗಳು ಅಡ್ಡಪಟ್ಟಿ ಹತ್ತುತ್ತಿಲ್ಲ, ನೆಲದಲ್ಲೇ ಮುದುರಿ ಮಲಗುತ್ತವೆ. ಹಗಲು ಒಂದೊಂದನ್ನೇ ಹಿಡಿದು ಪುಕ್ಕ ಬಿಡಿಸಿ ನೋಡಿದೆ. ಎರಡು ಕೋಳಿಗಳ ರೆಕ್ಕೆಯಡಿ ರಾಗಿಕಾಳಿನಷ್ಟು ದೊಡ್ಡ ನೀಲಿ ಗುಳ್ಳೆಗಳಿದ್ದವು, ಅಷ್ಟೇ. ನಿನ್ನೆ ಅಡ್ಡಪಟ್ಟಿ ಕಿತ್ತಾಗ ಅದರ ಸಂದಿನಲ್ಲಿ ಚಪ್ಪಟೆ, ಬೂದು ಬಣ್ಣದವು ಸಾಲಾಗಿ ಅಂಟಿಕೊಂಡಿದ್ದವು. ಒಂದನ್ನು ಒತ್ತಿದೆ, ಕಪ್ಪು ರಕ್ತ ಬಂತು. ಇದು ತಿಗಣೆಯಾ?

ಅಂಗಳದವ:
ತಿಗಣೆಯೇ ಇರಬೇಕು. ಕೋಳಿಗಳನ್ನು ಬೇರೆ ಕಡೆ ಇಟ್ಟು ಗೂಡನ್ನು ಎರಡು ತಿಂಗಳು ಖಾಲಿ ಬಿಡಿ. ಹಸಿವಿಗೇ ಸಾಯುತ್ತವೆ. ಸುಮ್ನೆ ಔಷಧಿಗೆ ದುಡ್ಡು ಸುರಿಯಬೇಡಿ.

ಸ್ಲೈಡು ನೋಡುವವಳು:
ಅಂಗಳದವರೇ, ಆ ಗೂಡು ಆಗಲೇ ಒಂದೂವರೆ ವರ್ಷ ಉಪವಾಸ ಇತ್ತಲ್ಲ! ಎರಡು ತಿಂಗಳು ಇವಕ್ಕೆ ಒಂದು ಮಧ್ಯಾಹ್ನದ ನಿದ್ದೆ.

ಹೇಂಟೆಮನೆಯವರೇ, ಮೊದಲು ಕಾಲು ಎಣಿಸಿ. ತಿಗಣೆಗೆ ಆರು ಕಾಲು, ಮುಂದೆ ಎರಡು ಮೀಸೆ. ನಿಮ್ಮದಕ್ಕೆ ಎಂಟು ಕಾಲಿದ್ದು ಮೀಸೆ ಇಲ್ಲದಿದ್ದರೆ ಅದು ಉಣ್ಣಿ. ಮೇಲಿಂದ ನೋಡಿದಾಗ ತಲೆ, ಬಾಯಿ ಕಾಣುತ್ತವಾ? ಕಾಣದಿದ್ದರೆ ಮೆದು ಉಣ್ಣಿ, ಬಾಯಿ ಹೊಟ್ಟೆಯ ಕಡೆ ಅಡಗಿರುತ್ತೆ. ನಾಯಿಯ ಕಿವಿಯಲ್ಲಿ ಸಿಗುವ ಗಟ್ಟಿ ಉಣ್ಣಿಗೆ ಬೆನ್ನಿನ ಮೇಲೆ ಗಡುಸಾದ ಫಲಕವಿದೆ, ಇದಕ್ಕಿಲ್ಲ. ಸುಕ್ಕುಗಟ್ಟಿದ ಚರ್ಮದ ಚೀಲದಂತೆ ಇರುತ್ತೆ. ನೀವು ಹೇಳಿದ ಜಾಗ, ಬಣ್ಣ, ಹೊತ್ತು ಎಲ್ಲ ಸೇರಿಸಿದರೆ ಕೋಳಿ ಉಣ್ಣಿ, ಆರ್ಗಾಸ್ ಪರ್ಸಿಕಸ್ ಅನಿಸುತ್ತೆ.

ಪ್ರಾಣಿಗಳ ರಕ್ತ ಪರೀಕ್ಷಿಸುವ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಸೂಕ್ಷ್ಮದರ್ಶಕ ನೋಡಿದವಳು ನಾನು. ಬಂದವರೆಲ್ಲ ನಿಮ್ಮ ಹಾಗೇ "ಹಗಲು ಹುಡುಕಿದೆ, ಏನೂ ಇಲ್ಲ" ಅಂತಲೇ ಶುರು ಮಾಡುತ್ತಿದ್ದರು. ಗಟ್ಟಿ ಉಣ್ಣಿ ಮೈಗೆ ಕಚ್ಚಿಕೊಂಡು ದಿನಗಟ್ಟಲೆ ಕೂರುತ್ತೆ. ಇದು ಹಾಗಲ್ಲ. ಇದರ ಮನೆ ಗೋಡೆಯ ಸಂದು. ರಾತ್ರಿ ಬಂದು ಅರ್ಧ ಗಂಟೆಯೊಳಗೆ ಹೊಟ್ಟೆ ತುಂಬಿಸಿಕೊಂಡು ವಾಪಸ್ ಹೋಗುತ್ತೆ. ಮರಿ ಮಾತ್ರ ಬೇರೆ. ಅದಕ್ಕೆ ಆರೇ ಕಾಲು, ಕೋಳಿಯ ಮೈಮೇಲೆ ಐದರಿಂದ ಹತ್ತು ದಿನ ಅಂಟಿಕೊಂಡಿರುತ್ತೆ. ನೀವು ಕಂಡ ನೀಲಿ ಗುಳ್ಳೆಗಳು ಅವೇ. ಅವು ತುಂಬಾ ಇದ್ದರೆ ಕೋಳಿಗೆ ಲಕವಾ ಹೊಡೆಯುವುದೂ ಉಂಟು, ಜೊಲ್ಲಿನಲ್ಲಿರುವ ವಿಷದಿಂದ.

ರಕ್ತದಲ್ಲಿ ಹೆಚ್ಚಿನ ಪಾಲು ನೀರು. ಅಷ್ಟನ್ನೂ ಹೊತ್ತುಕೊಂಡು ಸಂದಿಗೆ ನುಸುಳಲು ಆಗಲ್ಲ, ಅಲ್ವಾ? ಅದಕ್ಕೆ ಕಾಲಿನ ಬುಡದಲ್ಲಿರುವ ಗ್ರಂಥಿಯಿಂದ ನೀರನ್ನು ಹೊರಗೆ ಹಾಕಿ, ಸಾರ ಮಾತ್ರ ಇಟ್ಟುಕೊಳ್ಳುತ್ತೆ. ಆ ಹನಿ ಉಕ್ಕುವುದನ್ನು ಮೊದಲ ಸಲ ಲೆನ್ಸಿನಡಿ ನೋಡಿದ ದಿನ ನಾನು ಊಟಕ್ಕೆ ಹೋಗುವುದನ್ನೇ ಮರೆತಿದ್ದೆ.

ಇನ್ನು ಉಪವಾಸದ ಮಾತು. ಇದರ ನೆಂಟ ಆರ್ಗಾಸ್ ಬ್ರಂಪ್ಟಿ ಅಂತ ಒಂದಿದೆ. 1976ರಲ್ಲಿ ಕೀನ್ಯಾದಿಂದ ಜೂಲಿಯನ್ ಶೆಪರ್ಡ್ ಅನ್ನುವ ಅಮೆರಿಕದ ವಿಜ್ಞಾನಿಗೆ ಕೆಲವು ಸಿಕ್ಕವು. ಅವು ಕಡೇಪಕ್ಷ 27 ವರ್ಷ ಬದುಕಿದವು. ಹೆಣ್ಣುಗಳು ಎಂಟು ವರ್ಷ ಏನೂ ತಿನ್ನದೆ ಕಳೆದವು. ಕೊನೆಯ ಗಂಡು ಸತ್ತು ನಾಲ್ಕು ವರ್ಷವಾದ ಮೇಲೆ, ಕೂಡಿಟ್ಟ ವೀರ್ಯದಿಂದಲೇ ಒಂದು ಹೆಣ್ಣು ಮೊಟ್ಟೆಯಿಟ್ಟಿತು! ನಿಮ್ಮ ಗೂಡಿನವು ಅಷ್ಟು ಗಟ್ಟಿಗರಲ್ಲ. ಆದರೂ ಒಂದೆರಡು ವರ್ಷ ಅವಕ್ಕೆ ಲೆಕ್ಕವಿಲ್ಲ.

ಅಂಗಳದವ:
ಸೋತೆ ಮೇಡಂ. ಆದರೆ ಕಚ್ಚಿ ಅರ್ಧ ಗಂಟೆಗೇ ಬಿಟ್ಟು ಹೋದರೆ ರೋಗ ಹೇಗೆ ಅಂಟುತ್ತೆ? ಉಣ್ಣಿ ಒಂದು ದಿನ ಕಚ್ಚಿಕೊಂಡಿದ್ದರೆ ಮಾತ್ರ ಅಪಾಯ ಅಂತ ಕೇಳಿದ್ದೆ.

ಸ್ಲೈಡು ನೋಡುವವಳು:
ಅದು ಲೈಮ್ ರೋಗದ ಲೆಕ್ಕ. ಗಟ್ಟಿ ಉಣ್ಣಿಯಲ್ಲಿ ಆ ರೋಗಾಣು ಕರುಳಿನಿಂದ ಜೊಲ್ಲಿಗೆ ಬರಲು ಹೊತ್ತು ಬೇಕು. ಆರ್ನಿಥೊಡೋರಸ್ ಅನ್ನುವ ಮೆದು ಉಣ್ಣಿಯಲ್ಲಿರುವುದು ಬೇರೆ ರೋಗಾಣು, ಅದು ಮೊದಲೇ ಜೊಲ್ಲಿನ ಗ್ರಂಥಿಯಲ್ಲಿ ಕಾದು ಕೂತಿರುತ್ತೆ. ಒಂದೆರಡು ನಿಮಿಷ ಸಾಕು.

ಅದರಿಂದ ಮನುಷ್ಯರಿಗೆ ಬರುವುದು ಮರುಕಳಿಸುವ ಜ್ವರ. ಸುಮಾರು ಮೂರು ದಿನ ಬೆಂಕಿಯಂಥ ಜ್ವರ, ಆಮೇಲೆ ಒಂದು ವಾರ ಏನೂ ಇಲ್ಲ, ಮತ್ತೆ ಜ್ವರ. ಕಾರಣ ಬೊರೀಲಿಯಾ ಅನ್ನುವ ಸುರುಳಿ ಬ್ಯಾಕ್ಟೀರಿಯಾ. ಅದರ ಹೊರಮೈ ಪ್ರೋಟೀನನ್ನು ನಮ್ಮ ದೇಹ ಗುರುತು ಹಿಡಿದು ಕೊಲ್ಲುತ್ತೆ. ಅಷ್ಟರಲ್ಲಿ ಕೆಲವು ಅಂಗಿ ಬದಲಿಸಿರುತ್ತವೆ. ಅವು ಬೆಳೆದಾಗ ಎರಡನೇ ಜ್ವರ. ರಕ್ತದ ಸ್ಲೈಡನ್ನು ಜ್ವರ ಏರಿದಾಗಲೇ ತೆಗೆಯಬೇಕು. ಜ್ವರ ಬಿಟ್ಟ ದಿನ ತೆಗೆದು "ಏನೂ ಇಲ್ಲ" ಅಂದವರನ್ನು ಬೇಕಾದಷ್ಟು ನೋಡಿದ್ದೇನೆ. ಡಾಕ್ಸಿಸೈಕ್ಲಿನ್‌ನಂಥ ಔಷಧಿಗೆ ಬಗ್ಗುತ್ತೆ. ಆದರೆ ಮೊದಲ ಡೋಸ್ ಕೊಟ್ಟ ಕೆಲವೇ ಗಂಟೆಗಳಲ್ಲಿ ರೋಗಿ ಗಡಗಡ ನಡುಗಬಹುದು, ಹಾಗಾಗಿ ಡಾಕ್ಟರ ಕಣ್ಣೆದುರೇ ಇರಬೇಕು.

ಮಧ್ಯ ಮತ್ತು ಪೂರ್ವ ಆಫ್ರಿಕಾದಲ್ಲಿ ಇದನ್ನು ಹರಡುವುದು ಆರ್ನಿಥೊಡೋರಸ್ ಮೌಬಾಟಾ. ಜೋಸೆಫ್ ಡಟ್ಟನ್ ಮತ್ತು ಜಾನ್ ಟಾಡ್ ಅನ್ನುವ ವೈದ್ಯರು ಕಾಂಗೋದಲ್ಲಿ ಇದನ್ನು ತೋರಿಸಿಕೊಟ್ಟರು. ಸೋಂಕಿರುವ ತಾಯಿಯ ಮೊಟ್ಟೆಯಿಂದ ಬಂದ ಉಣ್ಣಿಗಳೂ ರೋಗ ಹರಡುತ್ತವೆ ಅನ್ನುವುದನ್ನೂ ಕಂಡರು. ಅದೇ ಕೆಲಸದ ನಡುವೆ, 1905ರಲ್ಲಿ, ಅದೇ ಜ್ವರಕ್ಕೆ ಡಟ್ಟನ್ ತೀರಿಕೊಂಡರು. ಮೂವತ್ತೇ ವರ್ಷ. ಬೊರೀಲಿಯಾ ಡಟ್ಟೋನಿ ಅವರ ಹೆಸರೇ.

ಹಂದಿಗಳನ್ನು ಕೊಲ್ಲುವ ಆಫ್ರಿಕನ್ ಹಂದಿ ಜ್ವರದ ವೈರಸ್ ಕೂಡ ಇದೇ ಕುಲದ ಉಣ್ಣಿಗಳಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಅದು ದೊಡ್ಡ ಕತೆ, ಇಲ್ಲಿ ಬೇಡ.

ಹೇಂಟೆಮನೆಯವರೇ, ನೀವು ಹೆದರಬೇಡಿ. ಕೋಳಿ ಉಣ್ಣಿ ತರುವ ಬೊರೀಲಿಯಾ ಆನ್ಸೆರಿನಾ ಹಕ್ಕಿಗಳ ರೋಗ, ನಿಮಗೆ ಬರಲ್ಲ. ಕೋಳಿಯ ಹಿಕ್ಕೆ ಹಸಿರಾಗಿ ನೀರು ನೀರಾಗಿದೆಯಾ? ಮೈ ಬಿಸಿಯಾಗಿ ತೂಕಡಿಸುತ್ತಿವೆಯಾ? ಹಾಗಿದ್ದರೆ ಇವತ್ತೇ ಪಶುವೈದ್ಯರಿಗೆ ತೋರಿಸಿ. ಪೆನಿಸಿಲಿನ್‌ಗೆ ವಾಸಿಯಾಗುತ್ತೆ.

ಹೇಂಟೆಮನೆ:
ಎಂಟು ಕಾಲು, ಮೀಸೆ ಇಲ್ಲ. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಹೋದೆ. ಮೂಲೆಯ ಕಂಬದ ಮೇಲೆ ಇಳಿಯುವವು, ಹತ್ತುವವು, ಸಂತೆಯ ಹಾಗೆ. ಮೂವತ್ತರ ಮೇಲೆ ಎಣಿಸಲಿಲ್ಲ, ಮೈ ಜುಂ ಅಂತು. ಹಿಕ್ಕೆ ಹಸಿರಾಗಿದ್ದ ಎರಡು ಕೋಳಿಗಳಿಗೆ ಬೆಳಿಗ್ಗೆಯೇ ಇಂಜೆಕ್ಷನ್ ಕೊಡಿಸಿದೆ. ವೈದ್ಯರು ಕೋಳಿಗೆ ಮಾತ್ರ ಅಲ್ಲ, ಸಂದುಸಂದಿಗೂ ಔಷಧಿ ಹೊಡೆಯಿರಿ ಅಂದರು. ಮೊಟ್ಟೆ ಎಷ್ಟು ದಿನ ತಿನ್ನಬಾರದು ಅನ್ನುವುದನ್ನೂ ಬರೆದುಕೊಟ್ಟಿದ್ದಾರೆ. ಮರದ ಪಟ್ಟಿಗಳನ್ನೆಲ್ಲ ಸುಟ್ಟು ಕಬ್ಬಿಣದ ಪೈಪು ಹಾಕುತ್ತಿದ್ದೇನೆ.

ತೋರಿಸಲು ಅಂತ ನಾಲ್ಕನ್ನು ಬಾಟಲಿಯಲ್ಲಿ ಹಿಡಿದಿದ್ದೆ. ಅವನ್ನೇನು ಮಾಡಲಿ ಮೇಡಂ? ಹಾಗೇ ಮುಚ್ಚಿಟ್ಟರೆ ಸಾಯುತ್ತವಲ್ಲ?

ಸ್ಲೈಡು ನೋಡುವವಳು:
ಸ್ಪಿರಿಟ್ ಹಾಕಿ. ಹಾಗೇ ಇಟ್ಟರೆ ನಿಮ್ಮ ಹುಂಜಕ್ಕಿಂತ ಜಾಸ್ತಿ ದಿನ ಬದುಕಿಬಿಟ್ಟಾವು.